ಕೈ ಹಿಡಿದು ಕೈ ಕೊಟ್ಟ ವಾಕರ್ ಮಹಾಶಯರಿಗೆ

ಮಾನ್ಯರೇ,

ಅಲ್ಯೂಮಿನಿಯಂ ಮೈಯವರೂ, ನಾಲ್ಕು ಕಾಲಿನವರೂ, ನಾಲ್ಕಕ್ಕೂ ರಬ್ಬರಿನ ಬೂಟು ತೊಟ್ಟವರೂ, ಬಡವ ಬಲ್ಲಿದನೆಂಬ ಭೇದವೆಣಿಸದೆ ಬಿದ್ದವರ ಕೈಹಿಡಿಯುವುದನ್ನೇ ಕಸುಬು ಮಾಡಿಕೊಂಡವರೂ ಆದ ತಮಗೆ, ಎಡಗಾಲು ಹುಟ್ಟಿನದ್ದೂ ಬಲಗಾಲಿನ ಬುಡ ಕಾರ್ಖಾನೆಯದ್ದೂ ಆಗಿರುವ ಈ ಹೆಂಗಸಿನ ನಮಸ್ಕಾರಗಳು. ತಮ್ಮಂಥವರಿಗೆ ಬಾಗಿ ನಮಸ್ಕರಿಸುವುದು ಸಂಪ್ರದಾಯವಾದರೂ, ತೊಂಬತ್ತು ಡಿಗ್ರಿಗಿಂತ ಹೆಚ್ಚು ಬಾಗಕೂಡದೆಂದು ನನಗೆ ಅಪ್ಪಣೆಯಾಗಿರುವುದರಿಂದ ಕಂಬದಂತೆ ನಿಂತೇ ಕೈ ಮುಗಿಯುತ್ತಿದ್ದೇನೆ. ಇದನ್ನು ಅಹಂಕಾರವೆಂದು ಭಾವಿಸಬಾರದಾಗಿ ವಿನಂತಿ. ಅಹಂಕಾರಪಡುವುದಕ್ಕೆ ನನ್ನಲ್ಲಿ ಉಳಿದಿದ್ದುದನ್ನೆಲ್ಲ ತಾವು ನಮ್ಮ ಮನೆಯ ಬಚ್ಚಲುಮನೆಯ ಬಾಗಿಲಲ್ಲೇ ಇಳಿಸಿಕೊಂಡಿದ್ದೀರಿ.

ಮನೆಯ ಮಾತು ಮನೆಯಲ್ಲೇ ಇರಬೇಕಾದ್ದು ನಿಜ, ಆದರೆ ತಮಗೆ ಕಿವಿಯಿಲ್ಲ. ಕಿವಿ ಇರುವವರಲ್ಲಿ ನಮ್ಮ ಯಜಮಾನರು ಹೊಲಿಗೆ ಯಂತ್ರದ ಸದ್ದಿನ ಹಿಂದೆ ಅಡಗಿಕೊಂಡಿದ್ದಾರೆ, ನಮ್ಮ ಅಕ್ಕನಂತೂ ಈ ಪ್ರಕರಣದಲ್ಲಿ ತಮ್ಮ ಜೊತೆಯ ಆರೋಪಿ. ಆದ್ದರಿಂದ ದೂರನ್ನು ಊರವರ ಮುಂದೆಯೇ ಇಡಬೇಕಾಗಿ ಬಂದಿದೆ.

ನಾನು ಯಾರೆಂದು ಮೊದಲು ತಿಳಿಸುವುದು ಧರ್ಮ. ನಗರದ ಬಸ್ಸಿನಲ್ಲಿ ಕಂಡಕ್ಟರಾಗಿ ಆಯುಷ್ಯ ಸವೆಸಿದವಳು ನಾನು. ಡ್ರೈವರು ಬ್ರೇಕು ಒತ್ತಿದಾಗ ಇಡೀ ಬಸ್ಸೇ ಒಬ್ಬರ ಮಡಿಲಿಗೊಬ್ಬರು ಬೀಳುತ್ತಿದ್ದರೂ, ಒಂದು ಕೈಯಲ್ಲಿ ಟಿಕೆಟು, ಇನ್ನೊಂದು ಕೈಯಲ್ಲಿ ಚಿಲ್ಲರೆ, ಹಲ್ಲಿನ ನಡುವೆ ಸೀಟಿ ಇಟ್ಟುಕೊಂಡು, ಯಾವ ಕಂಬಿಯನ್ನೂ ಮುಟ್ಟದೆ ನೆಟ್ಟಗೆ ನಿಂತವಳು. ಆ ಠೀವಿಯ ಲೆಕ್ಕವನ್ನೆಲ್ಲ ನನ್ನ ಸೊಂಟದ ಬಲಗೀಲು ಒಳಗೊಳಗೇ ಇಟ್ಟುಕೊಂಡು, ನಿವೃತ್ತಿಯಾಗಿ ಹಾಯಾಗಿ ಕೂರೋಣವೆಂದುಕೊಂಡ ಮೇಲೆ ಬಡ್ಡಿಸಮೇತ ವಸೂಲಿಗೆ ಬಂತು. ಓಡಿಹೋಗುವವರು ಕಾಲಿಗೆ ಬುದ್ಧಿ ಹೇಳುತ್ತಾರಂತೆ. ನಾನು ಹಾಸಿಗೆಯ ಅಂಚಿನಲ್ಲಿ ಕೂತು ಪ್ರತಿದಿನ ಬೆಳಿಗ್ಗೆ ನಿಜವಾಗಿಯೂ ಕಾಲಿಗೆ ಬುದ್ಧಿ ಹೇಳಿದೆ, ಬೈದೆ, ಬೇಡಿಕೊಂಡೆ. ಅದು ಕೇಳಲಿಲ್ಲ. ಕೊನೆಗೆ ಮೂಳೆ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ತೊಡೆಮೂಳೆಯ ಗುಂಡೂ ಸವೆದಿದೆ, ಅದು ಕೂರುವ ಬಟ್ಟಲೂ ಸವೆದಿದೆ, ಎರಡನ್ನೂ ತೆಗೆದು ಹೊಸದು ಕೂರಿಸೋಣ ಎಂದರು. ಬಸ್ಸಾಗಿದ್ದರೆ ಗುಜರಿಗೆ ಹಾಕುತ್ತಿದ್ದರು, ಮನುಷ್ಯಪ್ರಾಣಿಯಾದ್ದರಿಂದ ಬಿಡಿಭಾಗ ಬದಲಾಯಿಸಿ ಮನೆಗೆ ಕಳಿಸಿದರು.

ಮನೆಯೆಂದರೆ ಮಹಡಿಯ ಮೇಲಿನ ಮನೆ, ಲಿಫ್ಟಿಲ್ಲ. ಆಸ್ಪತ್ರೆಯ ಇಬ್ಬರು ಗಟ್ಟಿ ಆಳುಗಳು ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದು, ಸೋಫಾ ಸಾಗಿಸುವವರಂತೆ ಬಾಗಿಲಲ್ಲಿ ಅತ್ತ ಓರೆ ಇತ್ತ ಓರೆ ಮಾಡಿ ಒಳಗಿಳಿಸಿದಾಗ, ನಡುಮನೆಯಲ್ಲಿ ಹೊಳೆಯುತ್ತಾ ನನಗಾಗಿ ಕಾದಿದ್ದವರು ತಾವು. ತಮ್ಮ ಹಿಡಿಗಳ ಮೇಲೆ ನನ್ನ ಕೈ ಕೂರಿಸಿದರು. ಆ ಕ್ಷಣದಿಂದ ನಾನು ತಮ್ಮವಳಾದೆ. ಇಷ್ಟು ವರ್ಷ ಸಂಸಾರ ಮಾಡಿದ ಗಂಡನ ಕೈಯನ್ನೂ ನಾನು ಅಷ್ಟು ಬಿಗಿಯಾಗಿ ಹಿಡಿದವಳಲ್ಲ.

ತಮ್ಮ ಗುಣಗಾನ ಮಾಡದೆ ದೂರಿಗೆ ಇಳಿಯುವಷ್ಟು ಕೃತಘ್ನೆ ನಾನಲ್ಲ. ತಾವು ಬಚ್ಚಲಿನ ಬಾಗಿಲಿಗಿಂತ ಒಂದು ಬೆರಳು ಅಗಲವಾಗಿ ಹುಟ್ಟಿದ್ದೀರಿ, ಅದು ತಮ್ಮ ತಪ್ಪಲ್ಲ. ಆದ್ದರಿಂದ ನಾನು ಬಾಗಿಲ ತನಕ ತಮ್ಮೊಡನೆ ಬಂದು, ಅಲ್ಲಿ ತಮ್ಮನ್ನು ಪಕ್ಕಕ್ಕೆ ತಿರುಗಿಸಿ, ನಾನೂ ಏಡಿಯಂತೆ ಅಡ್ಡಡ್ಡ ನಡೆದು, ಒಳಗೆ ಕಮೋಡಿನ ಮೇಲೆ ಹೆಚ್ಚುವರಿಯಾಗಿ ಕೂರಿಸಿದ್ದ ಎತ್ತರದ ಪೀಠವನ್ನು ಏರಬೇಕಾಗಿತ್ತು. ಅಷ್ಟೆತ್ತರದಲ್ಲಿ ಕೂತು ಬಾಗಿಲಾಚೆ ಕಾಣುವ ಮನೆಮಂದಿಯನ್ನು ನೋಡುವಾಗ ಪೀಠಾಧಿಪತಿಗಳ ಕಷ್ಟ ಅರ್ಥವಾಯಿತು. ಎಲ್ಲರೂ ಹೊರಗೆ ಕಾಯುತ್ತಿರುತ್ತಾರೆ, ಒಳಗೆ ಮಾತ್ರ ಏನೂ ನಡೆಯುತ್ತಿರುವುದಿಲ್ಲ.

ಇಷ್ಟರಲ್ಲಿ ನಡಿಗೆ ಕಲಿಸಲು ಮನೆಗೆ ಬರುತ್ತಿದ್ದ ಫಿಸಿಯೋಥೆರಪಿ ಅಮ್ಮನವರ ಪ್ರವೇಶವಾಯಿತು. ಕಂಚಿನ ಕಂಠ, ಮದುವೆಯ ವಯಸ್ಸಿಗೆ ಬಂದ ಮಕ್ಕಳ ತಾಯಿ, ಆದರೆ ನಮ್ಮ ಮನೆಯಲ್ಲಿ ಅವರ ಹೆಸರು "ತೊಂಬತ್ತು ಡಿಗ್ರಿ" ಎಂದೇ. ನಾನು ಚಪ್ಪಲಿಗೆಂದು ಬಾಗಿದರೆ "ತೊಂಬತ್ತು ಡಿಗ್ರಿ!", ಟಿವಿ ರಿಮೋಟಿಗೆ ಕೈ ಚಾಚಿದರೆ "ತೊಂಬತ್ತು ಡಿಗ್ರಿ!". ಕಾಲ ಮೇಲೆ ಕಾಲು ಹಾಕಬಾರದು, ನೆಲದ ಮೇಲೆ ಕೂರಬಾರದು, ಗಕ್ಕನೆ ತಿರುಗಬಾರದು, ರಕ್ತ ಹೆಪ್ಪುಗಟ್ಟದಿರಲು ಬಿಗಿ ಕಾಲುಚೀಲ ಹಾಕಬೇಕು, ಮಲಗುವಾಗ ಕಾಲುಗಳ ನಡುವೆ ದಿಂಬಿಡಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದರು, ದಿಂಬು ಇದ್ದಷ್ಟೇ ಕಾಲು ಮಡಿಸು ಎಂದು ಇವರು ತಿದ್ದಿದರು. ಎಲ್ಲಕ್ಕಿಂತ ಮುಖ್ಯವಾಗಿ, ಎಚ್ಚರವಿರುವಾಗೆಲ್ಲ ಗಂಟೆಗೊಮ್ಮೆ ಎದ್ದು ವಾಕರ್ ಹಿಡಿದು ನಡೆಯಬೇಕು. "ಕೂತ್ರೆ ಕೀಲು ಕೂತುಬಿಡುತ್ತೆ, ಎದ್ದು ನಡೀರಿ" ಎನ್ನುವುದು ಅವರ ಮಂತ್ರ.

ಅವರ ಹಿಂದೆಯೇ ದೊಡ್ಡದೊಂದು ಸೂಟ್‌ಕೇಸಿನೊಡನೆ ನಮ್ಮ ಅಕ್ಕ ಬಂದಳು. ಪೇಟೆಯ ಇನ್ನೊಂದು ಕೊನೆಯಲ್ಲಿ ಅವಳದೊಂದು ಚಪ್ಪಲಿ ಅಂಗಡಿ. ಗಿರಾಕಿಯ ಎದುರು ಗಿಡ್ಡ ಸ್ಟೂಲಿನ ಮೇಲೆ ಕುಕ್ಕರಿಸಿ, ಅವರ ಪಾದವನ್ನು ಮಡಿಲಿಗೆಳೆದುಕೊಂಡು, ಅಳತೆಪಟ್ಟಿಯಿಲ್ಲದೆ ಸೈಜು ಹೇಳುವವಳು. ಹಬ್ಬ ಹರಿದಿನವೆನ್ನದೆ, ನೆಗಡಿ ಜ್ವರವೆನ್ನದೆ ತೆರೆದಿರುತ್ತಿದ್ದ ಆ ಅಂಗಡಿಗೆ ಶಟರ್ ಎಳೆದು, "ತಂಗಿಗಿಂತ ಅಂಗಡಿ ಹೆಚ್ಚಾ?" ಎನ್ನುತ್ತಾ ಬಂದಾಗ ನನ್ನ ಕಣ್ಣು ಒದ್ದೆಯಾಯಿತು. ಆ ಒದ್ದೆಯನ್ನು ಈಗ ವಾಪಸ್ಸು ಕೇಳುವ ಹಕ್ಕು ನನಗಿದೆ ಎಂದು ನಂಬಿದ್ದೇನೆ.

ಏಕೆಂದರೆ ಅಕ್ಕನ ಆರೈಕೆಯ ಮೊದಲನೇ ಕಾನೂನು, ಏಳಬಾರದು ಎಂಬುದಾಗಿತ್ತು. ತೊಂಬತ್ತು ಡಿಗ್ರಿಯವರು ಎದ್ದೇಳು ಎಂದು ಹೇಳಿ ಹೋದ ಹಿಂದೆಯೇ ಅಕ್ಕ ಬಂದು "ಅವರಿಗೇನು, ಹೇಳಿ ಹೋಗ್ತಾರೆ, ಬಿದ್ರೆ ಎತ್ತೋರು ನಾವು ತಾನೆ? ಸುಮ್ನೆ ಮಲಕ್ಕೋ" ಎಂದು ಹೊದಿಕೆಯನ್ನು ಅಂಚು ಸೇರಿಸಿ ಹಾಸಿಗೆಯ ಕೆಳಗೆ ತುರುಕುತ್ತಿದ್ದಳು. ನಾನು ಕೊರಿಯರಿನಲ್ಲಿ ಹೊರಟ ಪಾರ್ಸೆಲ್ಲಿನಂತೆ ಮಿಸುಕಾಡದೆ ಬಿದ್ದಿರುತ್ತಿದ್ದೆ. ಮಧ್ಯಾಹ್ನ ನಾನು ಕಣ್ಣು ಮುಚ್ಚಿದ ಕೂಡಲೇ, "ಎದ್ದು ಒಬ್ಳೇ ಹೊರಟುಬಿಡ್ತಾಳೆ ಇವಳು" ಎಂಬ ನೆಪದಲ್ಲಿ ತಮ್ಮನ್ನು ಕೋಣೆಯಿಂದ ಹೊರಗೆ ಒಯ್ಯುತ್ತಿದ್ದಳು. ತಾವಾದರೂ ಒಂದು ಮಾತು ಪ್ರತಿಭಟಿಸಿದಿರೇ? ಇಲ್ಲ. ತುಟಿಪಿಟಕ್ಕೆನ್ನದೆ ಅವಳ ಹಿಂದೆ ಹೋದಿರಿ.

ಅಲ್ಲಿಂದಲೇ, ಮಾನ್ಯರೇ, ತಮ್ಮ ನಡತೆಯಲ್ಲಿ ನನಗೆ ಅನುಮಾನ ಹುಟ್ಟಿದ್ದು.

ಮೊದಲನೆಯ ಸಾಕ್ಷಿ ತಮ್ಮ ಎತ್ತರ. ನಾನು ಎತ್ತರದ ಹೆಂಗಸು, ಬಸ್ಸಿನ ಸೂರಿಗೆ ತಲೆ ತಾಗಿಸಿಕೊಂಡೇ ಬಾಳಿದವಳು. ತೊಂಬತ್ತು ಡಿಗ್ರಿಯವರು ತಮ್ಮ ನಾಲ್ಕು ಕಾಲುಗಳಲ್ಲಿರುವ ಗುಂಡಿ ಒತ್ತಿ, ನನ್ನ ಮಣಿಕಟ್ಟಿನ ಮಟ್ಟಕ್ಕೆ ತಮ್ಮನ್ನು ಎಬ್ಬಿಸಿ ನಿಲ್ಲಿಸಿ ಹೋಗಿದ್ದರು. ಆದರೆ ನಿದ್ದೆಯಿಂದೆದ್ದು ತಮ್ಮನ್ನು ಹಿಡಿದರೆ ತಾವು ಕುಳ್ಳಗಾಗಿರುತ್ತಿದ್ದಿರಿ, ನಾನು ಕುಡುಗೋಲಿನಂತೆ ಬಗ್ಗಬೇಕಾಗುತ್ತಿತ್ತು. ಅವರು ಬಂದು ಎತ್ತರಿಸುವುದು, ಮಧ್ಯಾಹ್ನ ಕಳೆಯುವುದರೊಳಗೆ ತಾವು ಮತ್ತೆ ಕುಗ್ಗುವುದು. ಕೊನೆಗೆ ನಾನೇ ಹೆದರಿ, "ಡಾಕ್ಟ್ರು ನನಗೆ ಒಂದು ಸೈಜು ದೊಡ್ಡದು ಹಾಕಿಬಿಟ್ಟಿದಾರಾ? ನಾನು ದಿನಾ ಬೆಳೀತಿದೀನಾ?" ಎಂದು ಕೇಳಿದೆ. ಅವರು "ಈ ವಯಸ್ಸಲ್ಲಿ ಬೆಳೆಯೋದು ಹೊಟ್ಟೆ ಮಾತ್ರ. ಯಾರ್ರೀ ಇದನ್ನ ಇಳಿಸ್ತಿರೋದು?" ಎಂದು ಗುಡುಗಿದರು. ಪಕ್ಕದಲ್ಲೇ ನಿಂತಿದ್ದ ಅಕ್ಕ, ನನಗಿಂತ ಒಂದು ಗೇಣು ಗಿಡ್ಡವಿರುವ ಅಕ್ಕ, "ಅದೇ ಇಳ್ಕೊಂಡಿರುತ್ತೆ ಬಿಡಿ, ಈಗಿನ ಸಾಮಾನೇ ಹಾಗೆ" ಎಂದು ಗೋಡೆ ನೋಡಿದಳು.

ಎರಡನೆಯ ಸಾಕ್ಷಿ ತಮ್ಮ ಜೇಬು. ನಮ್ಮ ಯಜಮಾನರು ದರ್ಜಿ, ಮುಂದಿನ ಕೋಣೆಯೇ ಅವರ ಅಂಗಡಿ. ದಿನಕ್ಕೆ ಹಿಡಿಯಷ್ಟು ಮಾತಾಡುವ ಈ ಮನುಷ್ಯ ಪ್ರೀತಿಯನ್ನು ಹೊಲಿದೇ ತೋರಿಸಬೇಕು. ಹಾಗಾಗಿ ಉಳಿದ ಪರದೆ ಬಟ್ಟೆಯಲ್ಲಿ ತಮಗೊಂದು ಜೇಬಿನ ಚೀಲ ಹೊಲಿದು ಮುಂದೆ ಕಟ್ಟಿದ್ದರು. ಅದರಲ್ಲಿ ನಾನು ನನ್ನ ಮಾತ್ರೆ, ಕರವಸ್ತ್ರ, ಸೀಟಿ ಇಟ್ಟುಕೊಂಡಿದ್ದೆ. ಸೀಟಿ ಏಕೆಂದರೆ ಕೂಗಿದರೆ ಯಾರೂ ಬರುವುದಿಲ್ಲ, ಸೀಟಿ ಊದಿದರೆ ಎದುರು ಮನೆಯವರೂ ಬರುತ್ತಾರೆ. ಒಂದು ಸಂಜೆ ಕರವಸ್ತ್ರಕ್ಕೆ ಕೈ ಹಾಕಿದರೆ ಸಿಕ್ಕಿದ್ದು ಕನ್ನಡಕ. ನನ್ನದಲ್ಲ. ಗಂಡನ ಕೋಟಿನ ಜೇಬಿನಲ್ಲಿ ಪರಸ್ತ್ರೀಯ ಹೇರ್‌ಪಿನ್ನು ಸಿಕ್ಕಿದ ಹೆಂಡತಿಯ ಎದೆ ಹೇಗೆ ಹೊಡೆದುಕೊಳ್ಳುತ್ತದೆಂದು ನನಗೆ ಆ ಸಂಜೆ ತಿಳಿಯಿತು.

ಮಾರನೆಯ ಮಧ್ಯಾಹ್ನ ನಾನು ಕಣ್ಣು ಮುಚ್ಚಿದೆನೇ ಹೊರತು ನಿದ್ದೆ ಮಾಡಲಿಲ್ಲ. ತಮ್ಮನ್ನು ಒಯ್ದದ್ದಾಯಿತು. ಸ್ವಲ್ಪ ಹೊತ್ತಿಗೆ ಮನೆಯೊಳಗಿನ ಓಣಿಯಲ್ಲಿ ತಮ್ಮ ರಬ್ಬರು ಬೂಟಿನ ಸದ್ದು ಕೇಳಿತು. ಟಪ್ ಎಂದು ತಾವು ಮುಂದೆ ಬೀಳುವುದು, ಒಂದು ಕಾಲು ಎಳೆದುಕೊಂಡು ಬರುವುದು, ಇನ್ನೊಂದು ಕಾಲು ಬಂದು ಸೇರುವುದು. ಅದು ನನ್ನದೇ ನಡಿಗೆ! ಹಾಸಿಗೆಯಲ್ಲಿ ಮಲಗಿ ನನ್ನದೇ ನಡಿಗೆಯನ್ನು ಬೇರೆ ಯಾರೋ ನಡೆಯುತ್ತಿರುವುದನ್ನು ಕೇಳಿಸಿಕೊಂಡ ಮೇಲೆ ಸುಮ್ಮನಿರುವ ಹೆಂಗಸು ಇನ್ನೂ ಹುಟ್ಟಿಲ್ಲ. ನಾನು ಎದ್ದೆ. ತಾವಿಲ್ಲದೆ ಎದ್ದೆ. ಓಡುವ ಬಸ್ಸಿನಲ್ಲಿ ಪ್ರಯಾಣಿಕರು ಒಂದು ಸೀಟಿನ ಬೆನ್ನಿನಿಂದ ಮುಂದಿನ ಸೀಟಿನ ಬೆನ್ನಿಗೆ ಕೈ ಬದಲಿಸುತ್ತಾ ಹೋಗುವಂತೆ ಮಂಚದಿಂದ ಬೀರುವಿಗೆ, ಬೀರುವಿನಿಂದ ಬಾಗಿಲ ಚೌಕಟ್ಟಿಗೆ ಕೈ ಬದಲಿಸಿ, ತೊಡೆಯಲ್ಲಿ ಯಾರೋ ಕಾದ ಸಲಾಕೆ ತಿರುವಿದಂತಾದರೂ ಹಲ್ಲು ಕಚ್ಚಿ ಓಣಿಗೆ ಇಣುಕಿದೆ.

ಅಲ್ಲಿ ತಾವಿದ್ದಿರಿ. ತಮ್ಮ ತೆಕ್ಕೆಯಲ್ಲಿ ನಮ್ಮ ಅಕ್ಕನಿದ್ದಳು.

ತಲೆ ತಗ್ಗಿಸಿ, ತಮ್ಮ ಮೇಲೆ ಪೂರ್ತಿ ಭಾರ ಬಿಟ್ಟು, ಅಡುಗೆಮನೆಯಿಂದ ಬಾಗಿಲ ತನಕ ನಡೆಯುತ್ತಿದ್ದಳು. ಮುಖದ ಮೇಲೆ ಎಂಥ ನೆಮ್ಮದಿ ಎಂದರೆ, ಬಿಗಿಯಾದ ಬೂಟನ್ನು ದಿನವಿಡೀ ಹಾಕಿಕೊಂಡಿದ್ದು ಕಳಚಿದವರ ಮುಖದಲ್ಲಿ ಮಾತ್ರ ಅದು ಕಾಣುವುದು. ನನ್ನನ್ನು ಕಂಡವಳೇ ಕಿರುಚಿದಳು: "ವಾಕರ್ ಇಲ್ದೆ ಎದ್ದು ಬಂದ್ಯಾ? ಬುದ್ಧಿ ನೆಟ್ಟಗಿದ್ಯಾ ನಿಂಗೆ?" ನಾನು ಹೇಳಿದೆ: "ವಾಕರ್ ನಿನ್ನ ಕೈಲಿದೆಯಲ್ಲ ಅಕ್ಕ, ಇನ್ನು ನಾನು ಯಾರನ್ನ ಹಿಡ್ಕೊಂಡು ಬರ್ಲಿ?" ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ತಟ್ಟನೆ ನಿಂತಿತು. ಆ ನಿಲ್ಲುವಿಕೆಯಲ್ಲೇ ನಮ್ಮ ಯಜಮಾನರಿಗೆ ಎಲ್ಲ ಮೊದಲೇ ಗೊತ್ತಿತ್ತೆಂದು ತಿಳಿಯಿತು. ಆಮೇಲೆ ಕೇಳಿದ್ದಕ್ಕೆ, "ನನ್ನನ್ನ ಯಾರು ಕೇಳಿದ್ರು?" ಎಂದು ಮತ್ತೆ ಪೆಡಲು ತುಳಿದರು.

ಅಕ್ಕ ಒಳಗೆ ಬಂದು, ನನಗೆಂದು ತರಿಸಿದ್ದ ಎತ್ತರದ ಕುರ್ಚಿಯ ಮೇಲೆ ಕೂತಳು. ನಾನು ತಮ್ಮನ್ನು ಹಿಡಿದು ನಿಂತೆ. ಅವಳು ಹೇಳಿದ್ದನ್ನು ಇಲ್ಲಿ ತಮಾಷೆ ಮಾಡುವ ಶಕ್ತಿ ನನ್ನ ಲೇಖನಿಗಿಲ್ಲ. ಅವಳ ಸೊಂಟದ ಕೀಲೂ ಹೋಗಿತ್ತು, ನನ್ನದಕ್ಕಿಂತ ಮೊದಲೇ ಹೋಗಿತ್ತು. ಒಂದು ದಿನ ಅಂಗಡಿಯಲ್ಲಿ ಒಂದು ಮಗುವಿಗೆ ಶೂ ಹಾಕಿಸಲು ಸ್ಟೂಲಿನ ಮೇಲೆ ಕುಕ್ಕರಿಸಿದವಳಿಗೆ ಏಳಲಾಗಲಿಲ್ಲ. ಮಗುವಿನ ತಾಯಿ ನೋಡುತ್ತಾ ನಿಂತಿದ್ದಾಳೆ. ಇವಳು ಬೆಂಚಿನ ಕೆಳಗೆ ಇಲ್ಲದ ಡಬ್ಬವೊಂದನ್ನು ಹುಡುಕುವವಳಂತೆ ನಟಿಸುತ್ತಾ, "ಇಲ್ಲೇ ಇಟ್ಟಿದ್ದೆ, ಇಲ್ಲೇ ಇಟ್ಟಿದ್ದೆ" ಎನ್ನುತ್ತಾ ನೆಲದ ಮೇಲೆಯೇ ಉಳಿದಳು. ಆ ತಾಯಿಗೆ ಅರ್ಥವಾಗಿ, ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿ, ಏನೂ ಕೊಳ್ಳದೆ ಹೋದಳಂತೆ. "ಮಾರನೇ ದಿನ ಶಟರ್ ಎಳೆದೆ ಕಣೇ. ನಿನ್ನ ಆಪರೇಷನ್ನು ಒಳ್ಳೆ ನೆಪ ಸಿಕ್ತು" ಎಂದಳು.

"ಡಾಕ್ಟ್ರಿಗೆ ತೋರಿಸಬಾರದಿತ್ತಾ?" ಎಂದೆ. "ತೋರಿಸಿದೆ. ನಿನಗೆ ಹೇಳಿದ್ದನ್ನೇ ಹೇಳಿದ್ರು. ಮೊದಲು ನಿನಗೆ ಏನಾಗುತ್ತೋ ನೋಡೋಣ ಅಂತ ಬಂದೆ. ನೋಡಿದ್ನಲ್ಲ! ಆ ಬಿಗಿ ಕಾಲುಚೀಲ ಹಾಕೋವಾಗ ನೀನು ಹೆತ್ತೋಳ ಹಾಗೆ ಕಿರುಚಿದ್ದನ್ನ ಬೀದೀನೇ ಕೇಳಿದೆ. ನಾನಂತೂ ಕೊಯ್ಸಿಕೊಳ್ಳಲ್ಲ, ಹೀಗೇ ಸಾಯ್ತೀನಿ" ಎಂದಳು.

ಹೀಗೆ, ಮಾನ್ಯರೇ, ನಮ್ಮ ಅಕ್ಕನ ಮುಂದಿನ ಬಾಳು ನನ್ನ ಗಂಟಲಿಗೆ ಬಂದು ಕೂತಿತು. ಅಲ್ಲಿಯ ತನಕ ನೋವಾದರೆ ಬಾಯಿ ತುಂಬ ಕಿರುಚುವ ಸ್ವಾತಂತ್ರ್ಯವಾದರೂ ನನಗಿತ್ತು, ಅದೂ ಹೋಯಿತು. ಇನ್ನು ಮುಂದೆ ನಾನು ಸೊಂಟದ ಕೀಲಿನ ಜಾಹೀರಾತಾಗಿ ಬದುಕಬೇಕಾಯಿತು. ತೊಂಬತ್ತು ಡಿಗ್ರಿಯವರು ಕಾಲನ್ನು ಪಕ್ಕಕ್ಕೆ ಎತ್ತಿಸುವಾಗ ನಾನು ಅಕ್ಕನ ಕಡೆ ತಿರುಗಿ ಟೂತ್‌ಪೇಸ್ಟಿನ ಹೆಂಗಸಿನಂತೆ ಹಲ್ಲು ಕಿರಿಯುತ್ತಿದ್ದೆ. ಬಿಗಿ ಕಾಲುಚೀಲ ಏರಿಸುವಾಗ ಹಾಡು ಗುನುಗುತ್ತಿದ್ದೆ, ಅದು ಯಾವ ಹಾಡೆಂದು ಯಾರಿಗೂ ತಿಳಿಯಲಿಲ್ಲ, ನನಗೂ. ಅಕ್ಕ ಇದನ್ನೆಲ್ಲ ನೋಡಿ "ನೋವಿನ ಮಾತ್ರೆ ಜಾಸ್ತಿಯಾಗಿ ತಲೆಗೆ ಏರಿದೆ" ಎಂದಳೇ ಹೊರತು ನಂಬಲಿಲ್ಲ. ಆದರೆ ಹೊದಿಕೆ ತುರುಕುವುದನ್ನು ನಿಲ್ಲಿಸಿದಳು. ಬದಲಿಗೆ, ಗಂಟೆಯಾಗುತ್ತಲೇ "ಏಳು, ಏಳು" ಎನ್ನತೊಡಗಿದಳು. ನಾನು ಎದ್ದಾಗ ಮಾತ್ರ ಅವಳಿಗೆ ಕೂರಲು ಎತ್ತರದ ಕುರ್ಚಿ ಸಿಗುತ್ತಿತ್ತೆಂಬುದನ್ನೂ ದಾಖಲಿಸಬೇಕು.

ವಾರಗಳು ಉರುಳಿ, ತೊಂಬತ್ತು ಡಿಗ್ರಿಯವರು ತಮ್ಮಿಂದ ನನ್ನನ್ನು ಬಿಡಿಸಿ ಕೈಗೊಂದು ಕೋಲು ಕೊಟ್ಟರು. ಮೆಟ್ಟಿಲ ವಿದ್ಯೆಯನ್ನೂ ಕಲಿಸಿದರು: ಹತ್ತುವಾಗ ಒಳ್ಳೆಯ ಕಾಲು ಮುಂದೆ, ಇಳಿಯುವಾಗ ಕೆಟ್ಟ ಕಾಲು ಮುಂದೆ. ಮೇಲೇರುವ ಗೌರವ ಸಜ್ಜನರಿಗೆ, ಕೆಳಗಿನ ಹಳ್ಳ ಆಳವೋ ಎಂದು ನೋಡುವ ಕೆಲಸ ದುರ್ಜನರಿಗೆ ಎಂದು ನಾನು ಬಾಯಿಪಾಠ ಮಾಡಿಕೊಂಡೆ. ಅದನ್ನು ಕೇಳಿದ ಅಕ್ಕ ಒಂದು ಪಣ ಒಡ್ಡಿದಳು. "ನೀನು ಇಳಿದು ರಸ್ತೆ ತನಕ ಹೋಗಿ, ನಿನ್ನ ಕಾಲಲ್ಲೇ ವಾಪಸ್ಸು ಬಾ. ಆಮೇಲೆ ಮಾತಾಡೋಣ."

ಆ ಬೆಳಿಗ್ಗೆ ನಾನು ಇಳಿದೆ. ನಮ್ಮ ಯಜಮಾನರು ನನ್ನ ಅಂಗಿಯ ಅಂಚನ್ನು ಹಿಂದಿನಿಂದ ಹಿಡಿದುಕೊಂಡು, ನಾನು ಬಿದ್ದರೆ ಬಟ್ಟೆಯಾದರೂ ಉಳಿಯಲಿ ಎಂಬಂತೆ ಬಂದರು. ಅಕ್ಕ ಮೇಲಿನ ಕಿಟಕಿಯಲ್ಲಿ ತಮ್ಮೊಡನೆ ನಿಂತಿದ್ದಳು. ರಸ್ತೆ ಮುಟ್ಟಿದಾಗ ಬಿಸಿಲು, ಧೂಳು, ಪೆಟ್ರೋಲಿನ ವಾಸನೆ ಎಲ್ಲ ಒಟ್ಟಿಗೆ ಮುಖಕ್ಕೆ ಬಡಿದು, ಎಷ್ಟೋ ಕಾಲದಿಂದ ಔಷಧಿಯನ್ನೇ ಮೂಸುತ್ತಿದ್ದ ನನ್ನ ಮೂಗು ಹಿಗ್ಗಿತು. ಯಜಮಾನರು "ಒಂದೇ ನಿಮಿಷ, ನೂಲು ಮುಗಿದಿದೆ" ಎಂದು ಎದುರಿನ ಅಂಗಡಿಗೆ ಹೋದರು. ನಾನು ನಿಂತಿದ್ದ ಜಾಗ ಬಸ್ ಸ್ಟಾಪು.

ಅಲ್ಲಿ ಬಂದದ್ದು ನನ್ನ ಹಳೆಯ ಮಾರ್ಗದ ಬಸ್ಸೇನಲ್ಲ, ಯಾವುದೋ ಒಂದು. ಬಾಗಿಲಲ್ಲಿ ಜೋತಾಡುತ್ತಿದ್ದ ಕಂಡಕ್ಟರು ನನ್ನ ಮೇಲೆ ಕಣ್ಣಾಡಿಸಿ, "ಅಜ್ಜಿ, ಹತ್ತೋದಿದ್ರೆ ಹತ್ತಿ, ಇಲ್ಲಾಂದ್ರೆ ಸೈಡಿಗೆ ಬನ್ನಿ" ಎಂದ. ಅಜ್ಜಿ! ಎಷ್ಟು ಸಾವಿರ ಜನಕ್ಕೆ ನಾನು ಹೇಳಿದ್ದ ಮಾತು ಅದು! ಮುಂದೆ ನಡೆದದ್ದಕ್ಕೆ ನನ್ನನ್ನು ಹೊಣೆ ಮಾಡಬಾರದು. ಒಳ್ಳೆಯ ಕಾಲು ತಾನಾಗಿ ಫುಟ್‌ಬೋರ್ಡಿನ ಮೇಲೆ ಹೋಯಿತು, ಕಾರ್ಖಾನೆಯ ಕಾಲು ಅದರ ಹಿಂದೆ ಹೋಯಿತು, ಕೋಲು ಕೊನೆಗೆ ಬಂತು. ಅಭ್ಯಾಸಬಲದಿಂದ ನಾನೇ "ರೈಟ್ ರೈಟ್" ಎಂದುಬಿಟ್ಟೆ. ಡ್ರೈವರು ಹೊರಟೇಬಿಟ್ಟ.

ಒಬ್ಬ ಸಭ್ಯ ವ್ಯಕ್ತಿ ಎದ್ದು ಸೀಟು ಬಿಟ್ಟುಕೊಟ್ಟರು. ಸೀಟು ತಗ್ಗು. "ಬೇಡಪ್ಪ, ನಾನು ಕೂರೋ ಹಾಗಿಲ್ಲ, ಡಿಗ್ರಿ ಸಾಲಲ್ಲ" ಎಂದೆ. ಅವರು ಸಂಕೋಚದಿಂದ "ನಾನೂ ಏಳನೇ ಕ್ಲಾಸೇ ಅಮ್ಮ, ಕೂತ್ಕೊಳ್ಳಿ ಪರವಾಗಿಲ್ಲ" ಎಂದರು. ಬಸ್ಸು ತಿರುವಿನಲ್ಲಿ ವಾಲಿದಾಗ ನಾನು ಕಂಬಿ ಹಿಡಿದೆ, ಜನ್ಮದಲ್ಲಿ ಮೊದಲ ಸಲ. ನಾಚಿಕೆಯಾಗಲಿಲ್ಲ. ಹೊಸ ಕೀಲು ತನ್ನ ಬಟ್ಟಲಿನಲ್ಲಿ ಸದ್ದಿಲ್ಲದೆ ತಿರುಗಿ ನನ್ನನ್ನು ನಿಲ್ಲಿಸಿತು. ಮುಂದಿನ ಸ್ಟಾಪಿನಲ್ಲಿ ಇಳಿದು, ರಸ್ತೆ ದಾಟಿ, ಎದುರಿನಿಂದ ಬಂದ ಬಸ್ಸು ಹತ್ತಿ ಮರಳಿದೆ.

ಯಜಮಾನರು ನೂಲಿನುಂಡೆ ಹಿಡಿದು ಸ್ಟಾಪಿನಲ್ಲೇ ನಿಂತಿದ್ದರು. ಗಾಬರಿಯ ಸುಳಿವಿಲ್ಲ. "ಹುಡುಕಬೇಕು ಅನ್ನಿಸ್ಲಿಲ್ವಾ ನಿಮಗೆ?" ಎಂದರೆ, "ಕಂಡಕ್ಟರ್ ಎಲ್ಲಿಗೆ ಹೋಗ್ತಾಳೆ, ಅದೇ ರೂಟಲ್ಲಿ ವಾಪಸ್ಸು ಬರ್ತಾಳೆ" ಎಂದರು. ಅವರು ಹಣ ಕೊಡಲು ಮತ್ತೆ ಅಂಗಡಿಗೆ ಹೊರಟಾಗ ನಾನು ಸಜ್ಜನರನ್ನು ಮುಂದಿಟ್ಟು ಮೆಟ್ಟಿಲು ಹತ್ತತೊಡಗಿದೆ.

ಮೆಟ್ಟಿಲಿನ ತಿರುವಿನಲ್ಲಿ ಅಕ್ಕ ಕೂತಿದ್ದಳು. ನಾನು ಬಸ್ಸು ಹತ್ತಿದ್ದನ್ನು ಕಿಟಕಿಯಿಂದ ನೋಡಿ, ತಮ್ಮನ್ನು ಅಲ್ಲೇ ಬಿಸಾಕಿ, ಗೋಡೆ ಹಿಡಿದು ಅರ್ಧ ಇಳಿದಿದ್ದಾಳೆ, ಅಲ್ಲಿ ಕಾಲು ಕೈಕೊಟ್ಟು ಕುಸಿದು ಕೂತಿದ್ದಾಳೆ. ಏಳಲು ಆಗದು, ಇಳಿಯಲೂ ಆಗದು. ಒಂದು ಚಪ್ಪಲಿ ಮೇಲಿನ ಮೆಟ್ಟಿಲಲ್ಲೇ ಉಳಿದಿತ್ತು. ಬೈಗುಳಕ್ಕೆ ನಾನು ಸಿದ್ಧಳಾಗಿದ್ದೆ, ಅವಳು ಬೈಯಲಿಲ್ಲ. "ಕೈ ಕೊಡೇ" ಎಂದಳು. "ಬಗ್ಗೋ ಹಾಗಿಲ್ಲ ಅಕ್ಕ" ಎಂದೆ. "ಹಾಗಾದ್ರೆ ಕೂತ್ಕೋ ಪಕ್ಕದಲ್ಲಿ." "ಕೂರೋ ಹಾಗೂ ಇಲ್ಲ." ಹೀಗೆ ಇಬ್ಬರು ಸೋದರಿಯರು, ಒಬ್ಬಳಿಗೆ ಏಳಲಾಗದೆ ಒಬ್ಬಳಿಗೆ ಕೂರಲಾಗದೆ, ಮೆಟ್ಟಿಲ ಮೇಲೆ ಒಬ್ಬರನ್ನೊಬ್ಬರು ನೋಡುತ್ತಾ ಉಳಿದೆವು. ಅವಳು ತಲೆಯೆತ್ತಿ ನನ್ನನ್ನು ನೋಡಿದಳು, ಚಪ್ಪಲಿಯಿಂದ ತಲೆಯ ತನಕ. ಆಮೇಲೆ ಹೇಳಿದಳು: "ಕೊಯ್ಸಿಕೊಂಡೋಳು ನಿಂತಿದಾಳೆ. ಕೊಯ್ಸಿಕೊಳ್ಳದೋಳು ಕೂತಿದಾಳೆ."

ನನ್ನ ಅಷ್ಟು ದಿನದ ಹಲ್ಲುಕಿರಿತ ಮಾಡಲಾಗದ್ದನ್ನು ಆ ಮೆಟ್ಟಿಲು ಮಾಡಿತು. ಯಜಮಾನರು ಬಂದು ಅಕ್ಕನನ್ನು ಎತ್ತಲು ಹೋಗಿ ಬೆನ್ನನ್ನೇ ಲಟಕ್ಕೆನಿಸಿಕೊಂಡರು. ಕೊನೆಗೆ ಮೇಲಿಂದ ತಮ್ಮನ್ನೇ ತಂದು ತಿರುವಿನ ಸಮತಟ್ಟಿನಲ್ಲಿ ನಿಲ್ಲಿಸಿ, ತಾವು ಕದಲದಂತೆ ಆ ಬದಿಯಿಂದ ತಮ್ಮ ಮೇಲೆ ಪೂರ್ತಿ ಭಾರ ಹೇರಿ ಒತ್ತಿ ಹಿಡಿದರು. "ಎಳ್ಕೊಳ್ಳಿ ಅತ್ತಿಗೆ" ಎಂದರು. ಅವಳು ತಮ್ಮನ್ನು ಹಿಡಿದು, ಹುಟ್ಟಿದಾಗಿನಿಂದ ಗೊತ್ತಿದ್ದ ಎಲ್ಲ ದೇವರನ್ನೂ ಕೆಟ್ಟ ಮಾತುಗಳನ್ನೂ ಬೆರೆಸಿ ಕೂಗುತ್ತಾ ಎದ್ದು ನಿಂತಳು. ನಿಂತವಳೇ ಬೆವರೊರೆಸಿಕೊಂಡು ಕೇಳಿದಳು, "ಆ ಡಾಕ್ಟ್ರು ಯಾವತ್ತು ಸಿಗ್ತಾರೆ?"

ಈಗ ಅಕ್ಕನ ಕೀಲೂ ಬದಲಾಗಿದೆ. ಆಸ್ಪತ್ರೆಯಿಂದ ನೇರ ನಮ್ಮ ಮನೆಗೇ ಬಂದಿದ್ದಾಳೆ, ನನ್ನ ಮಂಚ ಅವಳದಾಗಿದೆ, ಪೀಠವೂ ಅವಳದೇ. ತಾವಂತೂ ರಾಜಾರೋಷವಾಗಿ ಅವಳವರಾಗಿದ್ದೀರಿ. ಇಂದು ಬೆಳಿಗ್ಗೆ ಅವಳು ತಮ್ಮನ್ನು ಹಿಡಿದು ಮೊದಲ ಹೆಜ್ಜೆಗಳನ್ನಿಟ್ಟಳು. ಹೇಗೆ ಕಿರುಚಿದಳೆಂದರೆ ನನ್ನ ಕಿರುಚಾಟ ಅದರ ಮುಂದೆ ಜೋಗುಳ. ನಾನು ಬಾಗಿಲಲ್ಲಿ ಕೋಲೂರಿ ನಿಂತು "ಮುಂದೆ ಹೋಗಿ, ಮುಂದೆ ಹೋಗಿ, ಮಧ್ಯದಲ್ಲಿ ಜಾಗ ಇದೆ" ಎಂದೆ. ಅವಳು ಅಳುತ್ತಲೇ ನಕ್ಕಳು, ನಗುತ್ತಲೇ ಬೈದಳು.

ಆದ್ದರಿಂದ ತಮ್ಮಲ್ಲಿ ಕೆಲವು ವಿನಮ್ರ ಬೇಡಿಕೆಗಳಿವೆ. ಅವಳು ಧೈರ್ಯಸ್ಥೆಯಂತೆ ನಟಿಸಿದರೆ ತಾವು ನಂಬಕೂಡದು, ಸಾಕು ಎಂದರೆ ಕೇಳಕೂಡದು. ಒಂದು ಬೆರಳು ಸಣ್ಣಗಾಗಿ ಬಚ್ಚಲಿಗೆ ನೆಟ್ಟಗೆ ಹೋಗುವುದನ್ನು ಕಲಿಯಬೇಕು. ಅವಳು ತಮ್ಮ ಜೇಬಿನಲ್ಲಿ ಬಚ್ಚಿಡುವ ಬಿಸ್ಕತ್ತಿನ ಬಗ್ಗೆ ನನಗೆ ವರದಿ ಒಪ್ಪಿಸಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಆದಷ್ಟು ಬೇಗ ಅವಳಿಗೂ ಬೇಡವಾಗಬೇಕು. ಬೇರಾವ ಗೆಳೆಯರಿಗೂ ನಾನು ಹೀಗೆ ಹರಸಿಲ್ಲ.

ನಾಳೆ ನಾನು ಅವಳ ಅಂಗಡಿಯ ಶಟರ್ ಎತ್ತಿಸಲು ಹೊರಟಿದ್ದೇನೆ. ಗಿಡ್ಡ ಸ್ಟೂಲನ್ನು ಹೊರಗೆ ಹಾಕಿ ಎತ್ತರದ ಕುರ್ಚಿ ತರಿಸಿದ್ದಾಗಿದೆ. ಅವಳು ವಾಪಸ್ಸು ಬಂದ ಮೇಲೂ ನಾನು ಅಲ್ಲೇ ಇರಬೇಕಂತೆ, ಮಂಚದಿಂದಲೇ ಹುಕುಂ ಆಗಿದೆ. ಬಾಗಲಾರದ ಇಬ್ಬರು ಮುದುಕಿಯರು ನಡೆಸುವ ಚಪ್ಪಲಿ ಅಂಗಡಿ ಹೇಗಿರುತ್ತದೆಂದು ಕೇಳಿದ್ದಕ್ಕೆ ಅಕ್ಕ ದಿಂಬಿಗೊರಗಿ ನೋವಿನಲ್ಲೇ ಹೇಳಿದಳು: "ಅದಕ್ಕೇನಂತೆ? ನಾವು ಮೇಲೆ ನಿಂತು ಹೇಳೋದು, ಅವರವರ ಪಾದಕ್ಕೆ ಅವರವರೇ ಬೀಳಲಿ."

ಇಂತಿ, ಕೋಲು ಒಂದು ಕೈಯಲ್ಲೂ ಕ್ಷಮೆ ಇನ್ನೊಂದು ಕೈಯಲ್ಲೂ ಹಿಡಿದಿರುವ,
ತಮ್ಮ ಮಾಜಿ ಒಡತಿ ಮತ್ತು ಹಾಲಿ ವಿಶ್ವಾಸಿ,
ನಿವೃತ್ತ ಕಂಡಕ್ಟರು

ಮರೆತ ಮಾತು: ಜೀವಮಾನವಿಡೀ ಪೆಡಲು ತುಳಿದ ನಮ್ಮ ಯಜಮಾನರ ಮೊಣಕಾಲು ನಿನ್ನೆಯಿಂದ ಕಿರುಗುಟ್ಟತೊಡಗಿದೆ. ಈ ಮಧ್ಯಾಹ್ನ ಅವರು ತಮ್ಮ ಕಡೆ ನೋಡಿದ ನೋಟ ನನಗೆ ಸರಿಕಾಣಲಿಲ್ಲ. ಅವರು ಹೆಂಗಸರ ವಿಷಯದಲ್ಲಿ ಬಹಳ ಸಾಚಾ ಮನುಷ್ಯ, ಕೆಟ್ಟರೆ ತಮ್ಮಿಂದಲೇ ಕೆಡಬೇಕು.